ಮೃಗಶಿರಾ ಮಳೆ, ಮಾರ್ಗಶಿರ ಮಾಸ

ಮೃಗಶಿರಾ ಮಳೆ ಆರಂಭವಾಗುವುದು ಜೂನ್ ಮೊದಲ ವಾರ ಕಳೆದ ಮೇಲೆ. ಮಾರ್ಗಶಿರ ಮಾಸ ಬರುವುದು ಡಿಸೆಂಬರಿನ ಆಸುಪಾಸಿನಲ್ಲಿ. ಎರಡಕ್ಕೂ ಹೆಸರು ಕೊಟ್ಟದ್ದು ಒಂದೇ ನಕ್ಷತ್ರ. ಹಾಗಿದ್ದ ಮೇಲೆ ನಡುವೆ ಆರು ತಿಂಗಳ ಅಂತರ ಏಕೆ?

ಪದವಿ ತರಗತಿಯಲ್ಲಿ ಖಗೋಳ ವಿಜ್ಞಾನದ ಪಾಠವನ್ನು ನಾನು ಆರಂಭಿಸುವುದು ಈ ಪ್ರಶ್ನೆಯಿಂದ. ಧಾರವಾಡದ ಸುತ್ತಲಿನ ಹಳ್ಳಿಗಳಿಂದ ಬಸ್ ಹಿಡಿದು ಬರುವ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುವ ಐಚ್ಛಿಕ ವಿಷಯ ಇದು. ಎಸ್ಸೆಸ್ಸೆಲ್ಸಿಗೇ ಗಣಿತಕ್ಕೆ ಕೈಮುಗಿದವರು ಅಲ್ಲಿರುತ್ತಾರೆ. ಭೌತಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದುತ್ತಿರುವವರೂ ಇರುತ್ತಾರೆ. ವೇಳಾಪಟ್ಟಿಗೆ ಹೊಂದಿತು ಎಂಬ ಒಂದೇ ಕಾರಣಕ್ಕೆ ಬಂದವರಿಗಂತೂ ಲೆಕ್ಕವಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಎಷ್ಟೋ ಒಳ್ಳೆಯ ವಿಷಯಗಳಿಗೆ ಹಾಗೆಯೇ ಹೋಗಿ ಸೇರಿದವಳು.

ಇಂಥ ತರಗತಿಗೆ ಪಾಠ ಮಾಡುವವರ ಮುಂದೆ ಎರಡು ಸುಲಭದ ದಾರಿಗಳಿವೆ. ಮೊದಲನೆಯದು ಸೊನ್ನೆಗಳ ದಾರಿ. ಸೂರ್ಯ 15 ಕೋಟಿ ಕಿಲೋಮೀಟರ್ ದೂರ, ಒಂದು ಜ್ಯೋತಿರ್ವರ್ಷವೆಂದರೆ 9.46 ಲಕ್ಷ ಕೋಟಿ ಕಿಲೋಮೀಟರ್ ಎಂದು ಹೇಳುತ್ತಾ ಹೋದರೆ ಮಕ್ಕಳು ‘ಅಬ್ಬಾ’ ಎನ್ನುತ್ತಾರೆ, ಬೆಲ್ ಹೊಡೆಯುತ್ತದೆ, ಎಲ್ಲರೂ ಸಂತೋಷದಿಂದ ಮನೆಗೆ ಹೋಗುತ್ತಾರೆ. ಎರಡನೆಯದು ಲೆಕ್ಕವನ್ನೆಲ್ಲ ಕಿತ್ತುಹಾಕಿ ಬರೀ ಕಥೆ ಹೇಳುವ ದಾರಿ. ಕಲಾ ವಿಭಾಗದವರಿಗೆ ಇಷ್ಟು ಸಾಕು ಎಂಬ ತಾತ್ಸಾರ ಅದರೊಳಗೆ ಅಡಗಿರುತ್ತದೆ. ಎರಡರಲ್ಲೂ ವಿದ್ಯಾರ್ಥಿಗೆ ಉಳಿಯುವ ಕೆಲಸ ನನ್ನ ಮಾತನ್ನು ನಂಬುವುದೊಂದೇ. ಬರೀ ನಂಬಿಸುವುದಾದರೆ ಬೆಳಿಗ್ಗೆ ಟಿವಿಯಲ್ಲಿ ಬಂದು ಕೂರುವ ಜ್ಯೋತಿಷಿಗಳು ನನಗಿಂತ ಎಷ್ಟೋ ಪಾಲು ಸಮರ್ಥರು.

ಇನ್ನು ಪ್ರಶ್ನೆಗೆ ಬರೋಣ. ಮಳೆ ನಕ್ಷತ್ರಗಳ ಹೆಸರು ಹೇಳಿ ಎಂದರೆ ತರಗತಿಯಲ್ಲಿ ಮೊದಲು ಕೈ ಎತ್ತುವವರು ಒಕ್ಕಲು ಮನೆತನದ ಮಕ್ಕಳು. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಪಟಪಟನೆ ಹೇಳುತ್ತಾರೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆಯೂ ಜೊತೆಗೆ ಬರುತ್ತದೆ. ಆದರೆ ಮೃಗಶಿರಾ ಮಳೆ ಎಂದರೆ ಏನು ಎಂದು ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಆ ಹೊತ್ತಿನಲ್ಲಿ ಸೂರ್ಯ ಮೃಗಶಿರಾ ನಕ್ಷತ್ರದ ಭಾಗದಲ್ಲಿರುತ್ತಾನೆ, ಪಂಚಾಂಗ ಅದನ್ನೇ ಮಹಾನಕ್ಷತ್ರ ಎನ್ನುತ್ತದೆ, ಆಕಾಶದ ಸುತ್ತನ್ನು 27 ಭಾಗ ಮಾಡಿದರೆ ಸೂರ್ಯ ಒಂದೊಂದು ಭಾಗವನ್ನು ದಾಟಲು ಹದಿಮೂರು ಹದಿನಾಲ್ಕು ದಿನ ಹಿಡಿಯುತ್ತದೆ. ಇಷ್ಟನ್ನು ನಾನೇ ಹೇಳುತ್ತೇನೆ. ಆಮೇಲೆ ನಿಜವಾದ ತೊಡಕು ಎದುರಾಗುತ್ತದೆ. ಸೂರ್ಯನಿರುವಾಗ ನಕ್ಷತ್ರ ಕಾಣುವುದಿಲ್ಲ, ನಕ್ಷತ್ರ ಕಾಣುವಾಗ ಸೂರ್ಯನಿಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆಂದು ಹಿಂದಿನವರಿಗೆ ತಿಳಿದದ್ದು ಹೇಗೆ?

ಒಮ್ಮೆ ಇತಿಹಾಸ ಓದುತ್ತಿದ್ದ ಹುಡುಗಿಯೊಬ್ಬಳು, “ಮೇಡಂ, ಕಾರ ಹುಣ್ಣಿಮೆಯೂ ಮೃಗಶಿರಾ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವಲ್ಲ?” ಎಂದಳು. ಗಂಟು ಬಿಚ್ಚುವ ಎಳೆ ಸಿಕ್ಕಿತು. ಹುಣ್ಣಿಮೆಯ ದಿನ ಪಶ್ಚಿಮದಲ್ಲಿ ಸೂರ್ಯ ಮುಳುಗುವಾಗ ಪೂರ್ವದಲ್ಲಿ ಚಂದ್ರ ಏಳುತ್ತಾನೆ. ಅಂದರೆ ಇಬ್ಬರೂ ಆಕಾಶದ ಎದುರುಬದುರು ಬದಿಗಳಲ್ಲಿದ್ದಾರೆ. ಕಾರ ಹುಣ್ಣಿಮೆ ಜ್ಯೇಷ್ಠ ಮಾಸದ ಹುಣ್ಣಿಮೆ. ಅಂದು ಎತ್ತುಗಳ ಮೆರವಣಿಗೆ ಮುಗಿದ ಮೇಲೆ ತಲೆಯೆತ್ತಿ ನೋಡಿದರೆ ಚಂದ್ರನ ಆಸುಪಾಸಿನಲ್ಲಿ ಕೆಂಪಗಿನ ಜ್ಯೇಷ್ಠಾ ನಕ್ಷತ್ರ ಇರುತ್ತದೆ. ಅದರ ನೇರ ಎದುರು ಬದಿಯಲ್ಲಿರುವುದು ಮೃಗಶಿರಾ ಮತ್ತು ರೋಹಿಣಿಯ ಪ್ರದೇಶ. ಅಲ್ಲಿಗೆ ಸೂರ್ಯನ ವಿಳಾಸ ಸಿಕ್ಕಿತು. ಇದನ್ನೇ ತಿರುಗಿಸಿದರೆ ಮೊದಲ ಪ್ರಶ್ನೆಗೂ ಉತ್ತರವಾಯಿತು. ಮಾಸಗಳಿಗೆ ಹೆಸರು ಬಂದದ್ದು ಹುಣ್ಣಿಮೆಯ ಚಂದ್ರನ ಬಳಿ ಇರುವ ನಕ್ಷತ್ರದಿಂದ, ಮಳೆಗಳಿಗೆ ಹೆಸರು ಬಂದದ್ದು ಸೂರ್ಯನಿರುವ ನಕ್ಷತ್ರದಿಂದ. ಎದುರುಬದುರು ನಿಂತವರ ಲೆಕ್ಕವಾದ್ದರಿಂದ ಅರ್ಧ ವರ್ಷದ ವ್ಯತ್ಯಾಸ. ಡಿಸೆಂಬರಿನಲ್ಲಿ ಪೂರ್ಣಚಂದ್ರ ಮೃಗಶಿರಾದ ಬಳಿ ಇರುವಾಗ ಸೂರ್ಯ ಜ್ಯೇಷ್ಠಾದ ಬಳಿ ಇರುತ್ತಾನೆ.

ದೂರದರ್ಶಕವಿಲ್ಲದೆ, ಸೂತ್ರವಿಲ್ಲದೆ, ಆಕಾಶದಲ್ಲಿ ಕಣ್ಣಿಗೆ ಕಾಣದ ಒಂದು ಸಂಗತಿಯನ್ನು ತರ್ಕದಿಂದ ಪತ್ತೆ ಹಚ್ಚಿದ್ದಾಯಿತು. ಎಲ್ಲ ಹಿನ್ನೆಲೆಯವರಿಗೂ ಕಲಿಸುವ ಖಗೋಳ ಶಾಸ್ತ್ರ ಹೀಗೆ ಇರಬೇಕೆಂಬುದು ನನ್ನ ಹಟ. ಕಪ್ಪುಕುಳಿಯ ಬಗ್ಗೆ ಕೇಳುವ ಹುಡುಗರಿಗೆ ಇದು ಸಪ್ಪೆ ಎನಿಸುತ್ತದೆ, ಗೊತ್ತು. ಅವರು ಕೊಂಚ ಕಾಯಲಿ.

ಎರಡನೆಯ ಕೆಲಸ ಕೋಲಿನದು. ಸಿದ್ಧಾಂತ ಗ್ರಂಥಗಳು ಶಂಕು ಎಂದು ಕರೆದದ್ದೂ ಇದನ್ನೇ. ಸರಿಯಾಗಿ ಒಂದು ಮೀಟರ್ ಎತ್ತರದ ಕೋಲನ್ನು ಕಾಲೇಜಿನ ಅಂಗಳದ ಸಮತಟ್ಟಾದ ಜಾಗದಲ್ಲಿ ನೆಡುತ್ತೇವೆ. ಅದು ನೆಟ್ಟಗೆ ನಿಂತಿದೆಯೇ ಎಂದು ಗಾರೆ ಕೆಲಸದವರ ತೂಕದ ಗುಂಡಿನಿಂದ ನೋಡುತ್ತೇವೆ. ಮಧ್ಯಾಹ್ನದ ನೆರಳನ್ನು ಅಳೆಯಿರಿ ಎಂದರೆ ಮಕ್ಕಳು ಗಡಿಯಾರದಲ್ಲಿ ಹನ್ನೆರಡಾದ ಕೂಡಲೇ ಅಳೆದು ಹೊರಡಲು ನೋಡುತ್ತಾರೆ. ನೆರಳು ಇನ್ನೂ ಚಿಕ್ಕದಾಗುತ್ತಲೇ ಇದೆಯಲ್ಲ ಎಂದು ಯಾರಾದರೂ ಗಮನಿಸುವವರೆಗೆ ನಾನು ಬಾಯಿ ಬಿಡುವುದಿಲ್ಲ. ಡಿಸೆಂಬರ್ 22ರಂದು ನೆರಳು ತೀರ ಗಿಡ್ಡಗಾಗುವುದು 12 ಗಂಟೆ 28 ನಿಮಿಷದ ಹೊತ್ತಿಗೆ. ಭಾರತದ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಧಾರವಾಡ ಇರುವುದು 75 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಏಳೂವರೆ ಡಿಗ್ರಿಗೆ ಅರ್ಧ ಗಂಟೆ. ಉಳಿದ ಒಂದೆರಡು ನಿಮಿಷದ ವ್ಯತ್ಯಾಸಕ್ಕೆ ಕಾರಣ ಭೂಮಿಯ ಕಕ್ಷೆಯ ಆಕಾರ ಮತ್ತು ಅಕ್ಷದ ಓರೆ. ಈ ವ್ಯತ್ಯಾಸ ವರ್ಷವಿಡೀ ಒಂದೇ ಸಮನಿರುವುದಿಲ್ಲ. ನವೆಂಬರ್ ಆರಂಭದಲ್ಲಿ ನಮ್ಮ ನಿಜವಾದ ಮಧ್ಯಾಹ್ನ 12.14ಕ್ಕೇ ಬಂದರೆ ಫೆಬ್ರವರಿ ನಡುವಿನಲ್ಲಿ 12.44ಕ್ಕೆ ಬರುತ್ತದೆ.

ಅಳೆಯುವಾಗ ಒಂದು ಜಗಳ ಆಗಿಯೇ ಆಗುತ್ತದೆ. ನೆರಳಿನ ತುದಿ ಎಲ್ಲಿ ಎಂಬುದೇ ಆ ಜಗಳ. ಗಾಢ ನೆರಳು ಒಮ್ಮೆಗೇ ನಿಲ್ಲುವುದಿಲ್ಲ, ಮಸುಕಾಗುತ್ತಾ ಸುಮಾರು ಒಂದೂವರೆ ಸೆಂಟಿಮೀಟರ್ ಹರಡುತ್ತದೆ. ಸೂರ್ಯ ಒಂದು ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಬಿಲ್ಲೆಯ ಮೇಲಂಚಿನ ಬೆಳಕು ಒಂದು ನೆರಳು ಮಾಡಿದರೆ ಕೆಳಅಂಚಿನದು ಇನ್ನೊಂದು ಮಾಡುತ್ತದೆ. ಮಸುಕಿನ ನಡುವನ್ನು ತೆಗೆದುಕೊಳ್ಳೋಣ ಎಂದು ಒಪ್ಪಂದವಾಗುತ್ತದೆ. ಅಳತೆಯ ಪಕ್ಕದಲ್ಲಿ ‘ಇಷ್ಟು ಹೆಚ್ಚುಕಡಿಮೆ’ ಎಂದು ಬರೆಯುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ. ವಾಣಿಜ್ಯದ ಮಕ್ಕಳು ಇದರಲ್ಲಿ ವಿಜ್ಞಾನದವರಿಗಿಂತ ಕಟ್ಟುನಿಟ್ಟು. ಬಿ.ಎಸ್ಸಿ.ಯವರಿಗೆ ಪುಸ್ತಕದ ಉತ್ತರ ಮೊದಲೇ ಗೊತ್ತಿರುವುದರಿಂದ ಕೈ ಅತ್ತ ಜಾರುತ್ತದೆ.

ಡಿಸೆಂಬರ್ 22ರ ನೆರಳು ನಮ್ಮಲ್ಲಿ 81 ಸೆಂಟಿಮೀಟರ್ ಬರುತ್ತದೆ, ಉತ್ತರದ ಕಡೆಗೆ. ಮೇ ಮೊದಲ ವಾರದಲ್ಲಿ ಒಂದು ಮಧ್ಯಾಹ್ನ ನೆರಳೇ ಇರುವುದಿಲ್ಲ. ಜೂನ್ 21ರ ಹೊತ್ತಿಗೆ ನೆರಳು 14 ಸೆಂಟಿಮೀಟರ್ ಉದ್ದಕ್ಕೆ ದಕ್ಷಿಣಕ್ಕೆ ಬಿದ್ದಿರುತ್ತದೆ. ಆ ವಾರ ಧಾರವಾಡದಲ್ಲಿ ಬಿಸಿಲು ಸಿಗುವುದು ಅದೃಷ್ಟ. ಸೂರ್ಯ ಆಗ ಹೆಚ್ಚು ಕದಲುವುದಿಲ್ಲವಾದ್ದರಿಂದ ಯಾವ ದಿನ ಮೋಡ ಸರಿದರೂ ನಡೆಯುತ್ತದೆ. ಹಿಂದಿನ ವರ್ಷದವರ ಅಳತೆಯನ್ನು ಮುಂದಿನವರು ಬಳಸಿಕೊಳ್ಳಲೆಂದು ಒಂದು ನೋಟ್‌ಬುಕ್ ಇಟ್ಟಿದ್ದೇವೆ. ತ್ರಿಕೋನಮಿತಿ ಬಾರದವರು ಗ್ರಾಫ್ ಹಾಳೆಯ ಮೇಲೆ ಕೋಲು ಮತ್ತು ನೆರಳನ್ನು ಅಳತೆಗೆ ತಕ್ಕಂತೆ ಬರೆದು ಕೋನಮಾಪಕ ಇಡುತ್ತಾರೆ. ಡಿಸೆಂಬರಿನಲ್ಲಿ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 39 ಡಿಗ್ರಿ, ಜೂನಿನಲ್ಲಿ ಉತ್ತರಕ್ಕೆ 8 ಡಿಗ್ರಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 23.5, ಅದು ಭೂಮಿಯ ಅಕ್ಷದ ಓರೆ. ಕಳೆದು ಅರ್ಧ ಮಾಡಿದರೆ 15.5, ಅದು ಧಾರವಾಡದ ಅಕ್ಷಾಂಶ. ಶಾಲೆಯಲ್ಲಿ ಎಷ್ಟು ಸಲ ಬಾಯಿಪಾಠ ಮಾಡಿದ್ದರೋ ಆ ಇಪ್ಪತ್ತಮೂರೂವರೆ ತಮ್ಮದೇ ಹಾಳೆಯ ಮೇಲೆ ಬಂದಾಗ ಕೆಲವರು ಅನುಮಾನದಿಂದ ಮತ್ತೊಮ್ಮೆ ಕೂಡಿಸಿ ನೋಡುತ್ತಾರೆ.

ಬೇಸಿಗೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಭೂಮಿ ಸೂರ್ಯನ ಹತ್ತಿರ ಹೋಗುವುದರಿಂದ ಎಂದು ಬರೆಯುವವರಲ್ಲಿ ಬಿ.ಎಸ್ಸಿ.ಯವರೂ ಇರುತ್ತಾರೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾವು ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದಲ್ಲಿ, 14.7 ಕೋಟಿ ಕಿಲೋಮೀಟರ್. ಜುಲೈಯಲ್ಲಿ 15.2 ಕೋಟಿ. ಬೇಸಿಗೆಗೆ ಕಾರಣ ಅಕ್ಷದ ಓರೆ. ಕೋಲಿನ ನೆರಳನ್ನು ಕಂಡವರಿಗೆ ಇದರ ಮೇಲೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಸಂಕ್ರಾಂತಿಯ ದಿನದ ಅಳತೆ ಮಾತ್ರ ಪ್ರತಿ ವರ್ಷವೂ ಗದ್ದಲ ಎಬ್ಬಿಸುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವ ದಿನವೆಂದು ಎಳ್ಳುಬೆಲ್ಲ ಹಂಚುತ್ತೇವೆ. ಜನವರಿ 14ರಂದು ಕೋಲಿನ ನೆರಳು ಎಷ್ಟು? 75 ಸೆಂಟಿಮೀಟರ್. ಡಿಸೆಂಬರ್ 22ಕ್ಕಿಂತ ಆರು ಸೆಂಟಿಮೀಟರ್ ಕಡಿಮೆ. ಸೂರ್ಯ ಮೂರು ವಾರಗಳ ಹಿಂದೆಯೇ ತಿರುಗಿ ಆಗಿದೆ. ಟೇಪು ಹಿಡಿದವರಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಕೆಲವರ ಮುಖದಲ್ಲಿ ಬೇಸರ ಕಾಣುತ್ತದೆ, ಅಜ್ಜಿ ಹೇಳಿದ್ದು ಸುಳ್ಳೇ ಎಂಬಂತೆ. ಸುಳ್ಳಲ್ಲ, ಹಳೆಯದು. ಸುಮಾರು 1,700 ವರ್ಷಗಳ ಹಿಂದೆ ಮಕರ ಸಂಕ್ರಮಣವೂ, ಅಂದರೆ ಸೂರ್ಯ ಮಕರ ರಾಶಿಗೆ ಕಾಲಿಡುವುದೂ, ಅವನು ಉತ್ತರಕ್ಕೆ ತಿರುಗುವುದೂ ಒಂದೇ ಹೊತ್ತಿಗೆ ಬೀಳುತ್ತಿದ್ದವು. ಆಮೇಲೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಎರಡೂ ದೂರವಾದವು.

ಏಕೆ ದೂರವಾದವು ಎಂಬಲ್ಲಿ ಭೌತಶಾಸ್ತ್ರ ಬಾಗಿಲು ತಟ್ಟುತ್ತದೆ. ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದ ಬಳಿಯ ವ್ಯಾಸ ಧ್ರುವಗಳ ನಡುವಿನ ವ್ಯಾಸಕ್ಕಿಂತ ಸುಮಾರು 43 ಕಿಲೋಮೀಟರ್ ಹೆಚ್ಚು. ಆ ಉಬ್ಬನ್ನು ಚಂದ್ರ ಮತ್ತು ಸೂರ್ಯ ಓರೆಯಾಗಿ ಎಳೆಯುತ್ತವೆ. ತಿರುಗುತ್ತಿರುವ ಬುಗುರಿಯನ್ನು ಭೂಮಿ ಕೆಳಕ್ಕೆ ಎಳೆದರೆ ಅದು ಬೀಳದೆ ತಲೆಯನ್ನು ವೃತ್ತಾಕಾರವಾಗಿ ತೂಗುತ್ತದಲ್ಲ, ಭೂಮಿಯ ಅಕ್ಷವೂ ಹಾಗೆಯೇ ತೂಗುತ್ತಿದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಅಕ್ಷ ವಾಲುವ ದಿಕ್ಕು ಬದಲಾದಂತೆ ನಕ್ಷತ್ರಗಳ ನಡುವೆ ಸೂರ್ಯ ಉತ್ತರಕ್ಕೆ ತಿರುಗುವ ಜಾಗವೂ ಜಾರುತ್ತದೆ. ಈ ಜಾರಿಕೆ ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್‌ಗೆ ಗೊತ್ತಿತ್ತು, ಕಾರಣ ಹೇಳಲು ನ್ಯೂಟನ್ ಬರಬೇಕಾಯಿತು.

ಮಳೆ ನಕ್ಷತ್ರಗಳೂ ಇದೇ ಜಾರಿಕೆಗೆ ಸಿಕ್ಕಿವೆ. ಬಸವಣ್ಣನವರ ಕಾಲದಿಂದ ಇಂದಿಗೆ ಸುಮಾರು 850 ವರ್ಷಗಳಾಗಿವೆ ಎಂದುಕೊಂಡರೆ ಜಾರಿದ್ದು ಹನ್ನೆರಡು ದಿನ, ಹತ್ತಿರ ಹತ್ತಿರ ಒಂದು ಮಳೆಯಷ್ಟು. ಋತುಗಳ ಲೆಕ್ಕದಲ್ಲಿ ನೋಡಿದರೆ ಈಗ ರೋಹಿಣಿ ಮಳೆ ಆರಂಭವಾಗುವ ಹೊತ್ತಿಗೆ ಆಗ ಮೃಗಶಿರಾ ಮಳೆ ಆರಂಭವಾಗುತ್ತಿತ್ತು. ಗಾದೆಗಳು ಹುಟ್ಟಿದ್ದು ಯಾವ ಶತಮಾನದಲ್ಲೋ, ಮುಂಗಾರು ಮಾತ್ರ ನಕ್ಷತ್ರವನ್ನು ಕೇಳಿ ಬರುವುದಿಲ್ಲ. ಭವಿಷ್ಯ ಹೇಳುವವರ ವಿರುದ್ಧ ನಾನು ತರಗತಿಯಲ್ಲಿ ಭಾಷಣ ಮಾಡುವುದಿಲ್ಲ. ಈ ಹನ್ನೆರಡು ದಿನಗಳ ಲೆಕ್ಕವನ್ನು ಮನೆಗೆ ಕೊಟ್ಟು ಕಳಿಸುತ್ತೇನೆ.

ಸೂತ್ರ ಬೇಡವೇ ಎಂದು ಭೌತಶಾಸ್ತ್ರದ ಸಹೋದ್ಯೋಗಿಗಳು ಕೇಳುತ್ತಾರೆ. ಬೇಕು, ಆದರೆ ಅನುಪಾತದ ರೂಪದಲ್ಲಿ. ಗುರುತ್ವದ ನಿಯಮದಲ್ಲಿ ನಾನು ಉಳಿಸಿಕೊಳ್ಳುವುದು ಒಂದೇ ಮಾತು, ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೆಯ ಒಂದು ಪಾಲಾಗುತ್ತದೆ, ಮೂರು ಪಟ್ಟಾದರೆ ಒಂಬತ್ತನೆಯ ಒಂದು ಪಾಲು. ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ಕಲ್ಲಿನ ದೂರಕ್ಕೆ ಹೋಲಿಸಿದರೆ ಚಂದ್ರ 60 ಪಟ್ಟು ದೂರ. ಹಾಗಾದರೆ ಚಂದ್ರ ಸೆಕೆಂಡಿಗೆ ಬೀಳಬೇಕಾದದ್ದು 4.9 ಮೀಟರಿನ 3,600ನೆಯ ಒಂದು ಪಾಲು, ಅಂದರೆ 1.36 ಮಿಲಿಮೀಟರ್. ಚಂದ್ರ ಎಲ್ಲಿ ಬೀಳುತ್ತಿದ್ದಾನೆ ಎಂಬ ಗುಜುಗುಜು ಏಳುತ್ತದೆ. ಯಾವ ಸೆಳೆತವೂ ಇಲ್ಲದಿದ್ದರೆ ಅವನು ನೇರ ಗೆರೆಯಲ್ಲಿ ಹೊರಟುಹೋಗಬೇಕಿತ್ತು. ಹೋಗದೆ ಪ್ರತಿ ಸೆಕೆಂಡೂ ಆ ಗೆರೆಯಿಂದ ನಮ್ಮತ್ತ ಬಾಗುತ್ತಾನೆ. ಆ ಬಾಗುವುದೇ ಬೀಳುವುದು. ಎಷ್ಟು ಬಾಗುತ್ತಾನೆ ಎಂಬುದನ್ನು ಬೇರೆಯೇ ದಾರಿಯಿಂದ ಲೆಕ್ಕ ಹಾಕಬಹುದು. ಕಕ್ಷೆಯ ತ್ರಿಜ್ಯ 3.84 ಲಕ್ಷ ಕಿಲೋಮೀಟರ್, ಒಂದು ಸುತ್ತಿಗೆ 27.3 ದಿನ, ವೇಗ ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ವೇಗದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಮತ್ತೆ 1.36 ಮಿಲಿಮೀಟರ್. ಬಿ.ಕಾಂ. ಹುಡುಗರು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಇದನ್ನು ತಾಳೆ ಮಾಡಿ ತೋರಿಸುವಾಗ ನನಗೆ ಈಗಲೂ ಖುಷಿಯಾಗುತ್ತದೆ. ಅಂಗಳದ ಕಲ್ಲಿಗೂ ಆಕಾಶದ ಚಂದ್ರನಿಗೂ ಒಂದೇ ಕಾನೂನು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಪುರಾವೆ ನನಗೆ ಗೊತ್ತಿಲ್ಲ.

ಇತಿಹಾಸದ ವಿದ್ಯಾರ್ಥಿಗಳಿಗೆ ಹಿಡಿಸುವುದು ಬೆಳಕಿನ ಪಾಠ. ಬಿ.ಎಸ್ಸಿ. ಪ್ರಯೋಗಾಲಯದ ಸೋಡಿಯಂ ದೀಪವನ್ನು ಹಚ್ಚಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿನೊಳಗೆ ಎಲ್ಲರೂ ಒಬ್ಬೊಬ್ಬರಾಗಿ ಇಣುಕುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ಒತ್ತೊತ್ತಾಗಿ ನಿಂತ ಎರಡು ಹಳದಿ ಗೆರೆಗಳು. ತರಂಗಾಂತರ 589.0 ಮತ್ತು 589.6 ನ್ಯಾನೋಮೀಟರ್. ಸೋಡಿಯಂ ಎಲ್ಲಿದ್ದರೂ ಈ ಜೋಡಿ ಇದ್ದೇ ಇರುತ್ತದೆ. ಕಣ್ಣು ತೆಗೆದವರಿಗೆ ನಾನು 1868ರ ಆಗಸ್ಟ್ 18ರ ಕಥೆ ಹೇಳುತ್ತೇನೆ. ಅಂದಿನ ಪೂರ್ಣ ಸೂರ್ಯಗ್ರಹಣದ ನೆರಳು ದಖ್ಖನಿನ ಅಡ್ಡಕ್ಕೆ ಸರಿದು ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಇದ್ದರು. ಪಠ್ಯಪುಸ್ತಕಗಳು ಅವರ ಹೆಸರು ಹೇಳಿ ಮುಂದೆ ಹೋಗುತ್ತವೆ. ಅದೇ ದಿನ ಅದೇ ಗ್ರಹಣವನ್ನು ನಮ್ಮ ಜಮಖಂಡಿಯಿಂದ ನೋಡಿದವರು ಸರ್ವೆ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಕಂಡುಹಿಡಿದ ಹರ್ಷೆಲರ ಮೊಮ್ಮಗ. ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಯತ್ತ ರೋಹಿತದರ್ಶಕ ತಿರುಗಿಸಿದಾಗ ಅವರಿಗೆ ಕಂಡದ್ದು ಕೆಂಪು, ಕಿತ್ತಳೆ, ನೀಲಿ ಗೆರೆಗಳು. ಕಾಮನಬಿಲ್ಲಿನ ಪಟ್ಟಿಯಿಲ್ಲದೆ ಬಿಡಿ ಗೆರೆಗಳು ಕಂಡದ್ದರಿಂದ ಜ್ವಾಲೆ ಬಿಸಿ ಅನಿಲ ಎಂದು ಖಚಿತವಾಯಿತು. ಬಾಗಲಕೋಟೆ ಕಡೆಯ ಮಕ್ಕಳು ಇದ್ದರಂತೂ ಜಮಖಂಡಿ ಎಂದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ.

ಆ ಕಿತ್ತಳೆ-ಹಳದಿ ಗೆರೆಯನ್ನು ಸೋಡಿಯಮ್ಮಿನದೆಂದು ತಿಳಿಯುವುದು ಸಹಜವೇ ಆಗಿತ್ತು. ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಖಗೋಳಜ್ಞ ಲಾಕಿಯರ್ ಗ್ರಹಣವಿಲ್ಲದೆಯೇ ಜ್ವಾಲೆಗಳ ರೋಹಿತ, ಅಂದರೆ ಬಿಡಿಸಿದ ಬೆಳಕು, ನೋಡಿ, ಗೆರೆ ಸೋಡಿಯಂ ಜೋಡಿಯ ಪಕ್ಕಕ್ಕಿದೆ, ಅದರ ಮೇಲಿಲ್ಲ ಎಂದು ಗುರುತಿಸಿದರು. ಅದು ಇರುವುದು 587.6ರಲ್ಲಿ. ಎರಡು ನ್ಯಾನೋಮೀಟರಿಗೂ ಕಡಿಮೆಯ ಈ ಅಂತರದಿಂದ ಒಂದು ಹೊಸ ಮೂಲವಸ್ತು ಹುಟ್ಟಿಕೊಂಡಿತು, ಹೀಲಿಯಂ. ಭೂಮಿಯ ಮೇಲೆ ಯಾರೂ ಕಾಣದ ವಸ್ತುವನ್ನು ಸೂರ್ಯನಲ್ಲಿದೆ ಎಂದರೆ ನಂಬುವವರು ಯಾರು? ಅನುಮಾನ ಬಹುಕಾಲ ಉಳಿಯಿತು. 1895ರಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ರ‍್ಯಾಮ್ಸೆ ಯುರೇನಿಯಂ ಇರುವ ಖನಿಜವೊಂದರಿಂದ ಬಂದ ಅನಿಲದಲ್ಲಿ ಅದೇ ಗೆರೆಯನ್ನು ಕಂಡರು.

ಮುಂದಿನ ಹೆಜ್ಜೆ ನಮ್ಮ ದೇಶದ ಭೌತವಿಜ್ಞಾನಿ ಮೇಘನಾದ ಸಹಾ ಅವರದು. ನಕ್ಷತ್ರದ ರೋಹಿತದಲ್ಲಿ ಒಂದು ವಸ್ತುವಿನ ಗೆರೆ ದಟ್ಟ ಕಪ್ಪಾಗಿದ್ದ ಮಾತ್ರಕ್ಕೆ ಆ ವಸ್ತು ಹೆಚ್ಚಿದೆ ಎಂದಲ್ಲ, ಉಷ್ಣಾಂಶವೂ ಒತ್ತಡವೂ ಗೆರೆಯನ್ನು ನಿರ್ಧರಿಸುತ್ತವೆ ಎಂದು 1920ರಲ್ಲಿ ಅವರು ಲೆಕ್ಕ ಕೊಟ್ಟರು. ಅದನ್ನು ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಹೈಡ್ರೋಜನ್ ಎಂಬ ಉತ್ತರಕ್ಕೆ ಬಂದರು. ಆ ಕಾಲದ ದೊಡ್ಡ ಖಗೋಳಜ್ಞ ಹೆನ್ರಿ ನೋರಿಸ್ ರಸೆಲ್ ಅದು ಅಸಾಧ್ಯ ಎಂದರು. ಹಾಗಾಗಿ ತಮ್ಮದೇ ಉತ್ತರ ಬಹುಶಃ ನಿಜವಲ್ಲ ಎಂದು ಪೇನ್ ಬರೆಯಬೇಕಾಯಿತು. ನಾಲ್ಕು ವರ್ಷಗಳ ನಂತರ ರಸೆಲ್ ಬೇರೆ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದು, ಪೇನ್ ಅವರ ಕೆಲಸವನ್ನೂ ಉಲ್ಲೇಖಿಸಿದರು. ಈ ಭಾಗಕ್ಕೆ ಪಠ್ಯಕ್ರಮದಲ್ಲಿ ಜಾಗವಿಲ್ಲ. ನಕ್ಷತ್ರಗಳ ವರ್ಗೀಕರಣದ ಅಕ್ಷರಗಳನ್ನು ಉರು ಹೊಡೆಸುವುದಕ್ಕೆ ಇರುವ ಸಮಯವನ್ನು ನಾನು ಇದಕ್ಕೆ ಕದಿಯುತ್ತೇನೆ.

ಸೆಮಿಸ್ಟರ್ ಪರೀಕ್ಷೆಯಲ್ಲಿ ಕೇಳುವುದು ಮಾತ್ರ ಜ್ಯೋತಿರ್ವರ್ಷದ ವ್ಯಾಖ್ಯೆಯನ್ನೇ, ಎರಡು ಅಂಕಕ್ಕೆ. ಆಂತರಿಕ ಪರೀಕ್ಷೆ ನನ್ನ ಕೈಯಲ್ಲಿರುವುದರಿಂದ ಅಲ್ಲಿ ಕೋಲಿನ ನೋಟ್‌ಬುಕ್ಕಿಗೆ ಅಂಕವಿದೆ.

ಒಂದು ಕೆಲಸ ಬಾಕಿಯಿದೆ, ಅದಕ್ಕೆ ಜೊತೆಗಾರರು ಬೇಕು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳ ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಅದಕ್ಕೆ ಬೇಕಾದ ಎರಡು ಊರುಗಳು ಕರ್ನಾಟಕದಲ್ಲೇ ಇವೆ. ಬೀದರ್ ಮತ್ತು ಚಾಮರಾಜನಗರ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ಅಕ್ಷಾಂಶದಲ್ಲಿ ಆರು ಡಿಗ್ರಿ ಅಂತರ, ಉತ್ತರ ದಕ್ಷಿಣವಾಗಿ ನಡುವೆ ಸುಮಾರು 665 ಕಿಲೋಮೀಟರ್. ಎರಡೂ ಕಡೆ ಒಂದೊಂದು ಕಾಲೇಜಿನ ಅಧ್ಯಾಪಕರು ಒಪ್ಪಿದರೆ ಬರುವ ಡಿಸೆಂಬರ್ 22ರಂದು ಮಧ್ಯಾಹ್ನ ಹನ್ನೆರಡರಿಂದಲೇ ಒಂದು ಮೀಟರ್ ಕೋಲಿನ ನೆರಳನ್ನು ಗುರುತು ಹಾಕುತ್ತಾ ಹೋಗಬೇಕು. ಅತಿ ಗಿಡ್ಡ ನೆರಳು 12.20ರ ಆಸುಪಾಸಿನಲ್ಲಿ ಸಿಗುತ್ತದೆ. ಬೀದರಿನಲ್ಲಿ 88 ಸೆಂಟಿಮೀಟರ್, ಚಾಮರಾಜನಗರದಲ್ಲಿ 71 ಬರಬೇಕು. ಈ ಸಂಖ್ಯೆಗಳನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಗುಂಡು ಕಟ್ಟಿ ಕೋಲು ನೆಟ್ಟಗಿರುವುದನ್ನು ನೋಡಿಕೊಳ್ಳಿ, ನೆಲ ಇಳಿಜಾರಾಗಿದ್ದರೆ ಹಲಗೆ ಹಾಕಿ. ಕೋನಗಳನ್ನು ಕಳೆದು, 360 ಡಿಗ್ರಿಗೆ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕುವ ಕೆಲಸವನ್ನು ನಮ್ಮ ಬಿ.ಕಾಂ. ಮಕ್ಕಳು ವಹಿಸಿಕೊಂಡಿದ್ದಾರೆ.